ಮೂವತ್ತನೆಯ ದಿನದ ಸುತ್ತು

ಡೆಟ್ರಾಯ್ಟ್
ಸೋಮವಾರ, ೩ ಮಾರ್ಚ್ ೧೯೯೭

ಜೆಲ್ಲಾ ಅತ್ತೆ,

ಫೋನಿನಲ್ಲಿ ಕೇಳೋಣವೆಂದರೆ ನೀವು ಎಲ್ಲದಕ್ಕೂ "ಹಾಂ, ಹಾಂ, ದೇವರು ಒಳ್ಳೇದು ಮಾಡ್ಲಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ. ಬೇರೆ ಯಾರ ಕೈಯಲ್ಲೂ ಓದಿಸಬೇಡಿ, ಪಾದ್ರಿಯ ಹೆಂಡತಿಯ ಕೈಯಲ್ಲಂತೂ ಬೇಡವೇ ಬೇಡ.

ಸೋಮವಾರ ನನ್ನ ಅಂಗಡಿಗೆ ರಜೆ ಎಂಬುದು ನಿಮಗೆ ಗೊತ್ತು. ಇಪ್ಪತ್ತೆಂಟು ವರ್ಷದಿಂದ ಈ ಬೀದಿಯ ಹೆಂಗಸರ ತಲೆ ಬಾಚಿ, ಎಣ್ಣೆ ಹಚ್ಚಿ, ಜಡೆ ಹೆಣೆದು ಬದುಕಿದವಳು ನಾನು. ವಾರಕ್ಕೊಂದು ದಿನ ಕಾಲು ಚಾಚಿ ಕೂರೋಣವೆಂದರೆ ಅದನ್ನೂ ಡನೆಟ್ಟಾ ಎಂಬ ಹುಡುಗಿ ಕಿತ್ತುಕೊಂಡಳು. ಇಪ್ಪತ್ತಾರರ ನರ್ಸು. "ಲವೀ ಆಂಟಿ, ಸೋಮವಾರ ಅಂಗಡಿ ಖಾಲಿ ಇರುತ್ತಲ್ಲ, ನಮಗೆ ಕೊಡಿ. ಮಗು ಬೇಡ ಅನ್ನೋ ಹಕ್ಕಿಗೆ ಎಲ್ಲಾರೂ ಕೂಗ್ತಾರೆ. ಬೇಕು ಅಂದೋರ ಹೊಟ್ಟೆಯಿಂದ ಕಿತ್ಕೊಂಡದ್ದನ್ನ ಯಾರು ಕೇಳ್ತಾರೆ? ಹೆತ್ತದ್ದನ್ನ ನೆಮ್ಮದಿಯಾಗಿ ಸಾಕೋಕೆ ಬಿಡಲಿಲ್ಲವಲ್ಲ, ಅದನ್ನ? ನಮ್ಮ ಕಪ್ಪು ಹೆಂಗಸರು ನಾವೇ ಕೂತು ಹೇಳ್ಕೋಬೇಕು," ಎಂದಳು. ಕೊಟ್ಟೆ. ಈಗ ಸೋಮವಾರಕ್ಕೆ ಹನ್ನೆರಡು ಹದಿಮೂರು ಜನ ಸೇರುತ್ತಾರೆ. ಹೇಳುವವಳು ನನ್ನ ಕುರ್ಚಿಯಲ್ಲಿ ಉಳಿದವರಿಗೆ ಬೆನ್ನು ಕೊಟ್ಟು ಕೂರುತ್ತಾಳೆ, ಕನ್ನಡಿಗೆ ಟವೆಲ್ ಮುಚ್ಚಿರುತ್ತೇನೆ. ನಾನು ಅವಳ ತಲೆ ಬಾಚುತ್ತೇನೆ. ಯಾರ ಮುಖವೂ ಕಾಣದಿದ್ದರೆ ಮಾತು ತಾನಾಗಿ ಬರುತ್ತದೆ ಅತ್ತೆ.

ಇಷ್ಟು ದಿನ ಬೇರೆಯವರ ಕಥೆ ಬಾಚಿದೆ. ಈಗ ನನ್ನದೇ ಸರದಿ ಬಂದಿದೆ. ಹೋದ ತಿಂಗಳು ಹೊಟ್ಟೆಯ ಗೆಡ್ಡೆ ತೆಗೆಸಿಕೊಂಡೆನಲ್ಲ, ಆಮೇಲೆ ಆ ಲೇಡಿ ಡಾಕ್ಟರು ಬಂದು ಹಾಸಿಗೆಯ ಮೇಲೆ ಕೂತು, "ಮಕ್ಕಳಾಗದ ಆಪರೇಷನ್ ಯಾವಾಗ ಮಾಡಿಸ್ಕೊಂಡ್ರಿ?" ಎಂದು ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಎರಡೂ ಕಡೆ ಕತ್ತರಿಸಿ ಕಟ್ಟಿದ್ದಾರಂತೆ. ಹಳೆಯ ಗಾಯವಂತೆ.

ಇದಕ್ಕೆ ಮುಂಚೆ ನನಗೆ ಆಪರೇಷನ್ ಆದದ್ದು ಒಂದೇ ಸಲ. ಐವತ್ತೈದರ ಅಕ್ಟೋಬರ್. ಹದಿನೆಂಟು ವರ್ಷ ನನಗೆ. ಮಗು ಅಡ್ಡ ತಿರುಗಿ ನಿಮ್ಮ ಕೈಯಲ್ಲೂ ಆಗದೆ, ನೀವೂ ಅಮ್ಮನೂ ನನ್ನನ್ನು ಹತ್ತಿಯ ಟ್ರಕ್ಕಿನಲ್ಲಿ ಕೌಂಟಿ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಮಗ ಉಳಿಯಲಿಲ್ಲ. ಆಮೇಲೆ ಒಂದೂ ನಿಲ್ಲಲಿಲ್ಲ. ಗಂಡ ವಾಲ್ಟನ್ ಹನ್ನೊಂದು ವರ್ಷ ಕಾದು, ಮೂರು ಮಕ್ಕಳಿದ್ದ ಹೆಂಗಸಿನ ಮನೆ ಸೇರಿಕೊಂಡ. ನಾನು ದೇವರನ್ನು ಬೈದುಕೊಂಡು ಈ ನಲವತ್ತು ವರ್ಷ ಕಳೆದೆ.

ಆ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಯಿತು, ಕಾಗದಪತ್ರ ಸಿಗುವುದಿಲ್ಲವೆಂದು ಡನೆಟ್ಟಾ ಹೇಳುತ್ತಾಳೆ. ಸೆಪ್ಟೆಂಬರಿನಲ್ಲಿ ಇಲ್ಲಿನ ಚರ್ಚಿನ ಹಾಲ್‌ನಲ್ಲಿ ದೊಡ್ಡ ಸಭೆ ಇದೆ, ವಕೀಲರು ಬರುತ್ತಾರೆ. ನಾವು ಹೇಳಿದ್ದನ್ನು ಬರೆದು ಅಲಬಾಮಾ ಸರ್ಕಾರದ ಮುಂದೆ ಇಡುತ್ತಾರಂತೆ. ನೀವು ಸೂಲಗಿತ್ತಿಯಾಗಿ ಹಿಡಿದ ಪ್ರತಿ ಮಗುವನ್ನೂ ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದಿರಿ. ಆ ದಿನದ ಹಾಳೆ ನೋಡಿ ಹೇಳಿ. ಯಾರು ಏನು ಹೇಳಿದರು, ಯಾರು ಒಪ್ಪಿದರು? ನನಗೆ ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದವರು ನೀವು.

ನಿಮ್ಮ
ಲವೀ

*

ಸಿಡರ್ ಫೋರ್ಕ್, ಅಲಬಾಮಾ
೧೭ ಮಾರ್ಚ್ ೧೯೯೭

ಮಗಳೇ ಲವೀ,

ಗೆಡ್ಡೆ ತೆಗೆಸಿಕೊಂಡು ಹದಿನೈದೇ ದಿನಕ್ಕೆ ನಿಂತು ತಲೆ ಬಾಚುತ್ತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯೇ? ಭಾರ ಎತ್ತಬೇಡ. ಬಿಸಿ ಸಾರು ಕುಡಿ.

ಇಲ್ಲಿ ಪೀಚ್ ಗಿಡ ಹೂ ಬಿಟ್ಟ ವಾರವೇ ಹಿಮ ಬಿತ್ತು, ಈ ವರ್ಷ ಹಣ್ಣಿನ ಆಸೆ ಇಲ್ಲ. ಚರ್ಚಿನ ಮಾಡು ಸೋರುತ್ತಿದೆ. ಡೀಕನ್ ಪರ್ವಿಸ್ ಏಣಿ ಹತ್ತಲು ಹೋಗಿ ಬಿದ್ದು ಸೊಂಟ ಹಿಡಿದುಕೊಂಡಿದ್ದಾನೆ. "ಮೇಲೆ ಹತ್ತೋ ವಯಸ್ಸಾ ನಿಂದು?" ಎಂದರೆ "ಸ್ವರ್ಗಕ್ಕೆ ಹತ್ತಿರ ಇರ್ಲಿ ಅಂತ ಹತ್ತಿದೆ ಓಜೆಲ್ಲಾ" ಎನ್ನುತ್ತಾನೆ.

ಪುಸ್ತಕ ಎಲ್ಲಿದೆಯೋ ನೆನಪಿಲ್ಲ. ನಾನೂರಕ್ಕೂ ಹೆಚ್ಚು ಮಕ್ಕಳನ್ನು ಹಿಡಿದ ಕೈ ಇದು, ಒಂದೊಂದು ದಿನವನ್ನೂ ನೆನಪಿಡಲು ಎಂಬತ್ಮೂರರ ತಲೆಗೆ ಆಗುತ್ತದೆಯೇ? ಡಾಕ್ಟರುಗಳು ಒಂದೊಂದು ಸಲ ಒಂದೊಂದು ಹೇಳುತ್ತಾರೆ. ನೀನು ಬದುಕಿದೆ, ಅದೇ ದೊಡ್ಡದು.

ಊರು ಬಿಟ್ಟವರೆಲ್ಲ ಚರ್ಚಿಗೆ ಬಂದು ಸೇರುವ ಆಗಸ್ಟಿನ ಹೋಮ್‌ಕಮಿಂಗಿಗೆ ನೀನೂ ಬಾ. ನಿನ್ನಮ್ಮನ ಗೋರಿಯ ಮೇಲೆ ಹುಲ್ಲು ಬೆಳೆದಿದೆ, ನೀನೇ ಬಂದು ಕಿತ್ತರೆ ಚೆಂದ.

ಓಜೆಲ್ಲಾ ಪ್ರೂಯಿಟ್

*

ಡೆಟ್ರಾಯ್ಟ್
ಸೋಮವಾರ, ೭ ಏಪ್ರಿಲ್ ೧೯೯೭

ಜೆಲ್ಲಾ ಅತ್ತೆ,

ಇವತ್ತು ನಾನೇ ಕುರ್ಚಿಯಲ್ಲಿ ಕೂತೆ. ಡನೆಟ್ಟಾ ಬಾಚಿದಳು. ಆ ಹುಡುಗಿಗೆ ಸೂಜಿ ಹಾಕಲು ಬರುತ್ತದೆ, ಬಾಚಣಿಗೆ ಹಿಡಿಯಲು ಬರುವುದಿಲ್ಲ. ಕಣ್ಣಲ್ಲಿ ನೀರು ಬಂದದ್ದು ಕಥೆಗೋ ಅವಳು ಜಗ್ಗಿದ್ದಕ್ಕೋ ನನಗೇ ತಿಳಿಯಲಿಲ್ಲ.

ನಿಮ್ಮ ಕಥೆಯನ್ನೇ ಹೆಚ್ಚು ಹೇಳಿದೆ. ಬಿಳಿ ಏಪ್ರನ್ನಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು ಹನ್ನೆರಡು ಮೈಲಿ ನಡೆದು ಬರುತ್ತಿದ್ದುದನ್ನು ಹೇಳಿದೆ. ಹೆರಿಗೆಯಾಗಿ ಮೂವತ್ತನೆಯ ದಿನ ನೀವು ಬಂದು, ಬಾಣಂತಿಯ ಕೈ ಹಿಡಿದು ಮನೆಯ ಸುತ್ತ ಒಂದು ಸುತ್ತು ನಡೆಸಿ, "ಇನ್ನು ನೀನು ಎದ್ದೆ" ಎನ್ನುತ್ತಿದ್ದಿರಿ. ಅದಾದ ಮೇಲೆಯೇ ಅವಳು ಪೊರಕೆ ಮುಟ್ಟಬಹುದು, ನೀರು ಸೇದಬಹುದು, ಚರ್ಚಿಗೆ ಹೋಗಬಹುದು. ಮಗು ಸತ್ತವರನ್ನೂ ನಡೆಸುತ್ತಿದ್ದಿರಿ. ಈಗಿನ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. "ನಿಮ್ಮನ್ನೂ ನಡೆಸಿದ್ರಾ?" ಎಂದು ಒಬ್ಬಳು ಕೇಳಿದಳು. ನನ್ನ ದಿನ ಅತ್ತೆಗೆ ಎಲ್ಲೋ ಹೆರಿಗೆ ಇತ್ತು, ಬರಲಾಗಲಿಲ್ಲ ಎಂದೆ. ನಿಜ ತಾನೇ? ನಾನು ಅಮ್ಮನ ಸ್ವೆಟರ್ ಹಾಕಿಕೊಂಡು, ಶೂ ಕಟ್ಟಿಕೊಂಡು ಮೆಟ್ಟಿಲ ಮೇಲೆ ಸಂಜೆವರೆಗೂ ಕೂತಿದ್ದೆ. ಮರುದಿನ ನಾನೇ ಎದ್ದು ನೀರು ಸೇದಿದೆ.

ಆ ಬಿಳಿಯರ ಆಸ್ಪತ್ರೆಯಲ್ಲಿ ನನ್ನವರೆಂದು ಇದ್ದವರು ನೀವೊಬ್ಬರೇ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಏಪ್ರನ್ನಿನ ಫೋಟೋ ದೊಡ್ಡದು ಮಾಡಿಸಿ ಕನ್ನಡಿಯ ಪಕ್ಕ ಹಾಕಿದ್ದೇನೆ. ಬಂದವರೆಲ್ಲ ಕೇಳುತ್ತಾರೆ, ನಾನು ಹೆಮ್ಮೆಯಿಂದ ಹೇಳುತ್ತೇನೆ.

ಪುಸ್ತಕ ಸಿಕ್ಕಿತೇ? ಟ್ರಂಕಿನ ತಳದಲ್ಲಿ ನೋಡಿ.

ಲವೀ

*

ಸಿಡರ್ ಫೋರ್ಕ್
೨೧ ಏಪ್ರಿಲ್ ೧೯೯೭

ಲವೀ,

ಪುಸ್ತಕ ಇಲಿ ತಿಂದಿದೆ. ನಿನ್ನ ಹಾಳೆ ಇಲ್ಲ.

ಆ ಫೋಟೋ ತೆಗೆದುಬಿಡು. ನನಗೆ ಹಿಡಿಸುವುದಿಲ್ಲ. ಸೂಲಗಿತ್ತಿಯನ್ನು ಗೋಡೆಗೆ ನೇತುಹಾಕುವುದು ಯಾವ ಪದ್ಧತಿ?

ಮೂರು ದಿನದಿಂದ ತಲೆ ಸುತ್ತು. ಹೆಚ್ಚು ಬರೆಯಲಾರೆ.

ಓಜೆಲ್ಲಾ

*

ಡೆಟ್ರಾಯ್ಟ್
ಸೋಮವಾರ, ೧೨ ಮೇ ೧೯೯೭

ಜೆಲ್ಲಾ ಅತ್ತೆ,

ನೀವು ಯಾಕೆ ಬಾಯಿ ಬಿಡುತ್ತಿಲ್ಲವೆಂದು ಕೊನೆಗೂ ನನ್ನ ಮಂದ ತಲೆಗೆ ಹೊಳೆಯಿತು. ಇಲಿಯೂ ಇಲ್ಲ, ಗಿಲಿಯೂ ಇಲ್ಲ. ನೀವು ಸತ್ತವಳನ್ನು ಕಾಪಾಡುತ್ತಿದ್ದೀರಿ.

ಡನೆಟ್ಟಾ ಹಳೆಯ ಕಾನೂನು ಓದಿ ಹೇಳಿದಳು. ಆ ವಯಸ್ಸಿನ ಹುಡುಗಿಗೆ ಹಾಗೆ ಮಾಡಲು ಹೆತ್ತವರ ಒಪ್ಪಿಗೆ ಬರೆಸಿಕೊಳ್ಳುತ್ತಿದ್ದರಂತೆ. ಅಪ್ಪ ಆಗಲೇ ಇರಲಿಲ್ಲ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಎಲ್ಲದಕ್ಕೂ ಅಡ್ಡಗೆರೆ ಎಳೆದು ಶಿಲುಬೆಯ ಗುರುತು ಹಾಕುತ್ತಿದ್ದಳು. ಅದಕ್ಕೂ ಹಾಕಿದಳು. ಬಿಳಿಯ ಡಾಕ್ಟರು ಬೆರಳು ತೋರಿಸಿದ ಜಾಗದಲ್ಲಿ ಹಾಕಿದಳು.

ಹಾಕಲಿ. ಹೆದರಿದ್ದಳು ಎನ್ನೋಣ. ಆದರೆ ಆಮೇಲೆ ಪ್ರತಿ ವರ್ಷ ಪೇಪರಿನಲ್ಲಿ ಸುತ್ತಿ ನನಗೆ ಬೇರು ಕಳಿಸುತ್ತಿದ್ದಳಲ್ಲ! "ಕುದಿಸಿ ಕುಡಿ, ಈ ಸಲ ನಿಲ್ಲುತ್ತೆ" ಎಂದು ಪಕ್ಕದ ಮನೆಯವರಿಂದ ಬರೆಸುತ್ತಿದ್ದಳು. ಆ ಕಹಿಯನ್ನು ಮೂಗು ಮುಚ್ಚಿಕೊಂಡು ಹನ್ನೊಂದು ವರ್ಷ ಕುಡಿದೆ ನಾನು. ಎಂಥ ನಾಟಕ ಅತ್ತೆ!

ನಿನ್ನೆ ತಾಯಂದಿರ ದಿನ. ಚರ್ಚಿನಲ್ಲಿ ತಾಯಿ ಇರುವವರು ಕೆಂಪು ಹೂ, ಇಲ್ಲದವರು ಬಿಳಿ ಹೂ ಸಿಕ್ಕಿಸಿಕೊಂಡಿದ್ದರು. ಅಮ್ಮ ಹೋದ ಎಪ್ಪತ್ತೊಂದರಿಂದ ಒಂದು ವರ್ಷವೂ ತಪ್ಪಿಸದೆ ಬಿಳಿ ಹೂ ಸಿಕ್ಕಿಸಿಕೊಂಡವಳು ನಾನು. ನಿನ್ನೆ ಹೂವಿಲ್ಲದೆ ಹೋದೆ. "ಮಕ್ಕಳನ್ನ ಹೆತ್ತೋರೆಲ್ಲ ಎದ್ದು ನಿಲ್ಲಿ" ಎಂದರು ಪಾದ್ರಿ. ನಾನು ಕೂತೇ ಇದ್ದೆ. ನಾನೂ ಒಂದನ್ನು ಹೆತ್ತಿದ್ದೆ ಅಲ್ಲವೇ ಅತ್ತೆ?

ಆಗಸ್ಟಿಗೆ ಬರುವುದಿಲ್ಲ. ಅವಳ ಗೋರಿಯ ಮೇಲೆ ಹುಲ್ಲು ಬೆಳೆಯಲಿ, ಮುಳ್ಳೂ ಬೆಳೆಯಲಿ. ಸೆಪ್ಟೆಂಬರಿನ ಸಭೆಯಲ್ಲಿ ಎದ್ದು ನಿಂತು, ನನ್ನ ಹೊಟ್ಟೆಯನ್ನು ಬಂಜೆ ಮಾಡಲು ಗುರುತು ಹಾಕಿದವಳು ನನ್ನ ಹೆತ್ತ ತಾಯಿ ಎಸ್ಸೀ ಟಾರ್ಪ್ಲಿ ಎಂದು ಹೆಸರು ಹಿಡಿದು ಹೇಳುತ್ತೇನೆ. ವಕೀಲರು ಬರೆದುಕೊಳ್ಳಲಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗೆಳತಿಯ ಮಾನ ಉಳಿಸಲು ಸುಳ್ಳು ಹೇಳಿದಿರಿ. ಫೋಟೋ ಗೋಡೆಯ ಮೇಲೇ ಇದೆ.

ಲವೀ

*

ಸಿಡರ್ ಫೋರ್ಕ್
೨೬ ಮೇ ೧೯೯೭

ಲವೀ,

ಇದರ ಜೊತೆ ಪುಸ್ತಕ ಕಳಿಸುತ್ತಿದ್ದೇನೆ. ಇಲಿ ಮುಟ್ಟಿಲ್ಲ. ನಲವತ್ತೆರಡು ವರ್ಷದಿಂದ ನನ್ನ ದಿಂಬಿನ ಕೆಳಗೇ ಇದೆ.

ನಿನ್ನಮ್ಮ ಗುರುತು ಹಾಕಲಿಲ್ಲ. ಅವಳನ್ನು ಒಳಗೇ ಬಿಡಲಿಲ್ಲ. ನಮ್ಮವರ ವಾರ್ಡಿಗೆ ಮನೆಯವರು ಬರಕೂಡದು ಎಂದಿದ್ದರು, ಸೂಲಗಿತ್ತಿ ಲೈಸೆನ್ಸ್ ಇದ್ದ ನನಗೆ ಮಾತ್ರ ಬಾಗಿಲು ತೆರೆದರು. ಎಸ್ಸೀ ಟ್ರಕ್ಕಿನ ಪಕ್ಕ ನೆಲದ ಮೇಲೆ ಕೂತಿದ್ದಳು.

ಒಳಗೆ ಕೌಂಟಿಯ ನರ್ಸಮ್ಮ ಇದ್ದಳು. ನಿನಗೆ ನೆನಪಿರಬಹುದು. ತಿಂಗಳಿಗೊಮ್ಮೆ ಸೂಲಗಿತ್ತಿಯರನ್ನೆಲ್ಲ ಚರ್ಚಿನಲ್ಲಿ ಸಾಲಾಗಿ ನಿಲ್ಲಿಸಿ ನಮ್ಮ ಚೀಲ ಬಿಚ್ಚಿಸಿ, ಉಗುರು ನೋಡಿ, ಏಪ್ರನ್ ಮೂಸುತ್ತಿದ್ದವಳು. ಅವಳು ಕಾಗದ ಹಿಡಿದು ಬಂದಳು.

"ಓಜೆಲ್ಲಾ, ಈ ಹುಡುಗಿ ಇನ್ನೊಂದು ಹೆತ್ರೆ ಸಾಯ್ತಾಳೆ. ತಾಯಿ ಗುರುತು ಬೇಕು."

"ಹೊರಗೇ ಕೂತಿದಾಳೆ ಮೇಡಂ, ಈಗ ಕರ್ಕೊಂಡು ಬರ್ತೀನಿ."

"ಅವಳು ಬಂದು ಗೋಳಾಡ್ಕೊಂಡು ಕೂತ್ರೆ ಡಾಕ್ಟರಿಗೆ ಹೊತ್ತಿಲ್ಲ. ನೀನೇ ಹಾಕು. ಯಾರು ಹಾಕಿದ್ರೂ ಶಿಲುಬೆ ಒಂದೇ ಥರ ಇರುತ್ತೆ. ನಿನ್ನ ಲೈಸೆನ್ಸು ಈ ತಿಂಗಳು ನನ್ನ ಮೇಜಿನ ಮೇಲಿದೆ, ಗೊತ್ತಲ್ಲ?"

ನನಗೆ ಓದಲು ಬರುತ್ತಿತ್ತು ಲವೀ. ಕಾಗದ ಓದಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆ ತಿಂಗಳು ಹನ್ನೊಂದು ಬಸುರಿಯರು ನನ್ನ ಕೈಗಾಗಿ ಕಾಯುತ್ತಿದ್ದರು, ಹತ್ತಿರದಲ್ಲಿ ಬೇರೆ ಸೂಲಗಿತ್ತಿ ಇರಲಿಲ್ಲ, ಅದನ್ನೂ ಯೋಚಿಸಿದೆ. ನೀನು ಸಾಯುವುದಕ್ಕಿಂತ ಬಂಜೆಯಾಗಿ ಬದುಕುವುದು ಮೇಲು ಎಂದೂ ಯೋಚಿಸಿದೆ. ಪೆನ್ನು ತೆಗೆದುಕೊಂಡೆ. ಮೊದಲ ಸಲ ಮಸಿ ಬರಲಿಲ್ಲ. ಕೊಡವಿ ಇನ್ನೊಂದು ಸಲ ಹಾಕಿದೆ. ಆ ಎರಡನೆಯ ಸಲ ನಾನು ನಿಲ್ಲಿಸಬಹುದಿತ್ತು.

ಮರುವರ್ಷ ಇನ್ನೊಬ್ಬ ಹುಡುಗಿಯನ್ನು ಬರಿಯ ಜ್ವರಕ್ಕೆ ಅಲ್ಲಿಗೆ ಕಳಿಸಿದೆ. ನರ್ಸಮ್ಮ ಅವಳ ತಾಯಿಗೂ ಅದೇ ಮಾತು ಹೇಳಿದಳಂತೆ, ಇನ್ನೊಂದು ಹೆತ್ತರೆ ಸಾಯುತ್ತಾಳೆ ಎಂದು. ಎಲ್ಲರಿಗೂ ಅದೇ ಮಾತು ಎಂದು ಆಗ ತಿಳಿಯಿತು. ತಿಳಿದ ಮೇಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆ ಆಸ್ಪತ್ರೆಗೆ ಹೋಗಿಬಂದ ಮೇಲೆ ಮತ್ತೆ ಬಸಿರಾಗದೇ ಹೋದವರ ಹೆಸರಿನ ಮುಂದೆ ಪುಸ್ತಕದಲ್ಲಿ ಶಿಲುಬೆ ಹಾಕುತ್ತಾ ಬಂದೆ. ನಿನ್ನದು ಮೊದಲನೆಯದು, ನಿನ್ನ ನಂತರ ಒಂಬತ್ತು ಇವೆ. ಐವತ್ತೆಂಟರಲ್ಲಿ ಕಣ್ಣು ಮಂಜಾಯಿತೆಂದು ಹೇಳಿ ಚೀಲ ಒಪ್ಪಿಸಿಬಂದೆ. ಕಣ್ಣಿಗೇನೂ ಆಗಿರಲಿಲ್ಲ. ನಾನು ಬಿಟ್ಟ ಮೇಲೆ ಎಲ್ಲರೂ ಆ ಆಸ್ಪತ್ರೆಗೇ ಹೋಗಬೇಕಾಯಿತು. ಅದೂ ನಾನೇ ಮಾಡಿದ್ದು.

ಬೇರು ಕೊಡುತ್ತಿದ್ದವಳು ನಾನು. ಎಸ್ಸೀ ಪ್ರತಿ ವಸಂತಕ್ಕೆ ಬಂದು, "ಜೆಲ್ಲಾ, ನನ್ನ ಮಗಳಿಗೆ ಈ ಸಲ ಗಟ್ಟಿ ಬೇರು ಕೊಡೇ" ಎನ್ನುತ್ತಿದ್ದಳು. ಯಾವ ಬೇರಿನಿಂದಲೂ ಆಗದೆಂದು ಗೊತ್ತಿದ್ದೂ ಅಗೆದು ತೊಳೆದು ಕೊಡುತ್ತಿದ್ದೆ. ಅವಳು ನಂಬಿಕೊಂಡೇ ಸತ್ತಳು. ಅವಳದು ನಾಟಕವಲ್ಲ ಮಗಳೇ. ನಾಟಕ ನನ್ನದು.

ಮೂವತ್ತನೆಯ ದಿನ ನನಗೆ ಎಲ್ಲೂ ಹೆರಿಗೆ ಇರಲಿಲ್ಲ. ನಿಮ್ಮ ಮನೆಯ ತಿರುವಿನವರೆಗೂ ಬಂದಿದ್ದೆ. ಹಳದಿ ಸ್ವೆಟರ್ ಹಾಕಿಕೊಂಡು, ಶೂ ಕಟ್ಟಿಕೊಂಡು ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಎಸ್ಸೀ ಹೊರಗೆ ಬಂದು ಹಣೆಗೆ ಕೈ ಇಟ್ಟು ರಸ್ತೆ ನೋಡಿದಳು. ನಾನು ಹತ್ತಿಯ ಗಾಡಿಯ ಮರೆಗೆ ನಿಂತು, ಹಿಂದಕ್ಕೆ ಹೋದೆ. ನಿನ್ನ ಕೈ ಹಿಡಿಯುವ ಮುಖ ನನಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹೆಸರು ಹೇಳುವುದಾದರೆ ನನ್ನ ಹೆಸರು ಹೇಳು. ನಿನ್ನಮ್ಮನ ಹೆಸರು ಹೇಳಬೇಡ.

ಓಜೆಲ್ಲಾ ಪ್ರೂಯಿಟ್

*

ಸಿಡರ್ ಫೋರ್ಕ್
೩೦ ಜೂನ್ ೧೯೯೭

ಲವೀ,

ಪಾರ್ಸೆಲ್ ತಲುಪಿತೇ? ಅಂಚೆ ಕಚೇರಿಯ ಹುಡುಗಿ ತಲುಪಿದೆ ಎನ್ನುತ್ತಾಳೆ. ಅಷ್ಟು ತಿಳಿಸಿದರೆ ಸಾಕು, ಬೇರೇನೂ ಬರೆಯಬೇಕಿಲ್ಲ.

ನಿನ್ನಮ್ಮನ ಗೋರಿಯ ಹುಲ್ಲನ್ನು ನಾನು ಕೀಳಲಿಲ್ಲ. ಮುಟ್ಟಲು ಹೋದೆ, ನನಗೆ ಸಲ್ಲದ ಕೆಲಸವೆನ್ನಿಸಿತು.

ಓಜೆಲ್ಲಾ

*

ಡೆಟ್ರಾಯ್ಟ್
ಸೋಮವಾರ, ೨೧ ಜುಲೈ ೧೯೯೭

ಓಜೆಲ್ಲಾ ಪ್ರೂಯಿಟ್ ಅವರಿಗೆ,

ತಲುಪಿತು. ಮೇ ಮೂವತ್ತೊಂದಕ್ಕೇ ತಲುಪಿತು.

ಶನಿವಾರ, ಅಂಗಡಿ ತುಂಬ ಜನ. ಎದ್ದು ನಿಂತೇ ಓದಿದೆ. ಆಮೇಲೆ ಬಿಸಿ ಬಾಚಣಿಗೆಯಿಂದ ಗಿರಾಕಿಯ ಕಿವಿ ಸುಟ್ಟೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. "ಏನಾಯ್ತೇ ನಿಂಗೆ, ಕಿವಿ ಕಾಣ್ಸಲ್ವಾ?" ಎಂದು ಕಿರುಚಿದಳು. ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿದೆ. ನಿಮ್ಮ ಫೋಟೋ ಕೆಳಗಿಳಿಸಿದೆ. ಗೋಡೆಯ ಮೇಲೆ ಅದರ ಚೌಕದ ಗುರುತು ಉಳಿದಿದೆ. ಬಣ್ಣ ಹೊಡೆಸಬೇಕೆಂದು ಎರಡು ಸಲ ಹೊರಟು ಎರಡು ಸಲವೂ ಬಿಟ್ಟೆ.

ಮರುದಿನ ಭಾನುವಾರ ಎದೆಗೆ ಬಿಳಿ ಹೂ ಸಿಕ್ಕಿಸಿಕೊಂಡು ಚರ್ಚಿಗೆ ಹೋದೆ. ಜೂನ್ ಒಂದನೇ ತಾರೀಖು! "ಲವೀ, ತಾಯಂದಿರ ದಿನ ಮುಗಿದು ಮೂರು ವಾರ ಆಯ್ತಲ್ಲೇ" ಎಂದು ನಕ್ಕರು. ನಗಲಿ. ನಾನು ಅಮ್ಮನಿಗೆ ಅಂದ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ತಿಳಿದದ್ದು ಅಷ್ಟೇ. ಮೂರು ತಿಂಗಳು, ಓಜೆಲ್ಲಾ. ಮೂರು ತಿಂಗಳು ನಾನು ಕೇಳುತ್ತಿದ್ದೆ, ನೀವು ಪೀಚ್ ಗಿಡದ ಸುದ್ದಿ, ಇಲಿಯ ಸುದ್ದಿ ಬರೆದಿರಿ, ಕೊನೆಗೆ ನಾನು ಅವಳನ್ನು ಬೈದೆ.

ಪುಸ್ತಕ ಡನೆಟ್ಟಾಳ ಹತ್ತಿರ ಇದೆ. ಆ ಒಂಬತ್ತು ಜನರಲ್ಲಿ ನಾಲ್ವರು ಬದುಕಿದ್ದಾರೆ, ಹುಡುಕಿದಳು. ಒಬ್ಬಳು ನನ್ನ ಅಂಗಡಿಯಿಂದ ಆರು ಬೀದಿ ಆಚೆ ಇದ್ದಾಳೆ. ಇಷ್ಟು ವರ್ಷ ಎದುರು ಸಿಕ್ಕಾಗ ತಲೆ ಆಡಿಸಿ ಹೋಗುತ್ತಿದ್ದೆವು. ಅವಳಿಗೆ ನಾನೇ ಹೇಳಿದೆ. ಕುರ್ಚಿಯಲ್ಲಿ ಕೂರಿಸಿ ಬಾಚುತ್ತಾ ಹೇಳಿದೆ. ಆ ಪುಸ್ತಕ ಇಲ್ಲದಿದ್ದರೆ ಅವಳು ತಿಳಿಯದೆಯೇ ಸಾಯುತ್ತಿದ್ದಳು. ಇದು ನಿಮ್ಮನ್ನು ಹೊಗಳಲು ಬರೆದದ್ದಲ್ಲ.

ಸಭೆಗೆ ನೀವೇ ಬಂದು ಹೇಳಬೇಕೆಂದು ಡನೆಟ್ಟಾ ಕೇಳುತ್ತಾಳೆ. ಅದು ನಿಮಗೂ ಅವಳಿಗೂ ಬಿಟ್ಟದ್ದು. "ಕ್ಷಮಿಸಿದ್ರಾ ಆಂಟಿ?" ಎಂದೂ ಕೇಳಿದಳು. ಕಾಗದದಲ್ಲಿ ನಾನು ಯಾರನ್ನೂ ಕ್ಷಮಿಸುವವಳಲ್ಲ.

ಆಗಸ್ಟ್ ಹತ್ತರ ಹೋಮ್‌ಕಮಿಂಗಿಗೆ ಬರುತ್ತೇನೆ. ಹಿಂದಿನ ದಿನವೇ ಬರುತ್ತೇನೆ, ಅಮ್ಮನ ಗೋರಿ ಕ್ಲೀನ್ ಮಾಡಲು. ನಿಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ, ನನಗಾಗಿ ಕೋಳಿ ಹುರಿಯಬೇಡಿ. ನಮ್ಮ ಹಳೆಯ ಮನೆಯ ಜಾಗಕ್ಕೆ ಬನ್ನಿ. ನನ್ನ ಮೂವತ್ತನೆಯ ದಿನ ಇನ್ನೂ ಮುಗಿದಿಲ್ಲ. ನಿಮಗೆ ಎಂಬತ್ಮೂರು, ನನ್ನ ಮಂಡಿಯೂ ಹಾಳು, ಆದರೂ ನೀವು ನನ್ನ ಕೈ ಹಿಡಿದು ಮನೆಯ ಸುತ್ತ ನಡೆಸಬೇಕು. ಅದಾದ ಮೇಲೆ ನಿಮಗೆ ಏನು ಹೇಳಬೇಕೆಂದು ನನಗೇ ತಿಳಿಯಬಹುದು.

ಲವೀ ಟಾರ್ಪ್ಲಿ

*

ಸಿಡರ್ ಫೋರ್ಕ್
೨ ಆಗಸ್ಟ್ ೧೯೯೭

ಲವೀ,

ನಿಮ್ಮ ಮನೆ ಬಿದ್ದು ಬಹಳ ಕಾಲವಾಯಿತು. ಒಲೆಯ ಚಿಮಣಿ, ನಾಲ್ಕು ಮೂಲೆಯ ಕಲ್ಲು, ಮುಂದಿನ ಮೆಟ್ಟಿಲು ಇಷ್ಟು ಉಳಿದಿವೆ. ಸೊಂಟದೆತ್ತರ ಕಳೆ ಬೆಳೆದಿತ್ತು. ಡೀಕನ್ ಪರ್ವಿಸ್‌ನನ್ನು ಹಿಡಿದು ಸುತ್ತ ದಾರಿ ಮಾಡಿಸಿದೆ. "ಬೀಳು ಜಾಗಕ್ಕೆ ಯಾಕೆ ಓಜೆಲ್ಲಾ ಇಷ್ಟು ಸಿಂಗಾರ?" ಎಂದ. ಕೆಲಸ ನೋಡು ಎಂದೆ. ಆಮೇಲೆ ಕೂತು ಅವನಿಗೂ ಎಲ್ಲ ಹೇಳಿದೆ. ಪೂರ್ತಿ ಕೇಳಿದ. ಎದ್ದು ಉಳಿದ ಕಳೆ ಕಿತ್ತ. ಅವತ್ತಿನಿಂದ ನನ್ನ ಹತ್ತಿರ ತಮಾಷೆ ಮಾಡುತ್ತಿಲ್ಲ.

ಸೆಪ್ಟೆಂಬರಿಗೆ ಬರುತ್ತೇನೆಂದು ಡನೆಟ್ಟಾಗೆ ಹೇಳು. ಬಸ್ಸಿನಲ್ಲಿ ಬರುತ್ತೇನೆ. ನಾನು ಬೆನ್ನು ಕೊಟ್ಟು ಕೂತು ಹೇಳುವುದಿಲ್ಲ. ಆ ನಾಲ್ವರ ಮುಖ ನೋಡಿಯೇ ಹೇಳುತ್ತೇನೆ.

ದಿನಾ ಬೆಳಿಗ್ಗೆ ಆ ಜಾಗಕ್ಕೆ ಹೋಗಿ ನಡೆದು ನೋಡುತ್ತಿದ್ದೇನೆ. ಸೋಮವಾರ ಚಿಮಣಿಯವರೆಗೆ ಹೋಗಿ ಕೂತುಬಿಟ್ಟೆ. ಗುರುವಾರ ಮೂರು ಮೂಲೆ ಆಯಿತು. ಇವತ್ತು ಪೂರ್ತಿ ಸುತ್ತು ಬಂದೆ, ಕೋಲು ಹಿಡಿದು. ಅವತ್ತು ಕೋಲು ಬಿಟ್ಟು ಬರುತ್ತೇನೆ, ಇಲ್ಲದಿದ್ದರೆ ನಿನ್ನ ಕೈ ಹಿಡಿಯಲು ಆಗುವುದಿಲ್ಲ.

ನೀನು ಶನಿವಾರ ಎಷ್ಟು ಹೊತ್ತಿಗೆ ಬಂದರೂ ಸರಿ. ಗೋರಿಯ ಕೆಲಸ ಮುಗಿಸಿಯೇ ಬಾ, ಅವಸರ ಬೇಡ. ನಾನು ಬೆಳಿಗ್ಗೆಯೇ ಹೋಗಿ, ಶೂ ಕಟ್ಟಿಕೊಂಡು, ನಿಮ್ಮ ಮೆಟ್ಟಿಲ ಮೇಲೆ ಕೂತು ಕಾಯುತ್ತಿರುತ್ತೇನೆ.

ಓಜೆಲ್ಲಾ